ದಣಿದ ನಾಣ್ಯಗಳ ಮನೆ

“ಇವತ್ತು ಯಾರ್ಯಾರಿಗೆ ಸುಸ್ತಾಗಿದೆಯೋ?” ಎಂದು ಯಾರನ್ನೂ ನೋಡದೆ ಕೇಳಿ, ತುಂಗಮ್ಮ ಮೊದಲ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿದಳು. ಅದು ಠಣ್ ಎನ್ನಲಿಲ್ಲ. ಸಾವಿರಾರು ಕೈ ದಾಟಿ ದಣಿದಿತ್ತು. ಉಕ್ಕಿನದಾದ್ದರಿಂದ ಮೂರು ತಿಂಗಳು ಮಲಗಿದರೆ ಸಾಕು. ನಿಕ್ಕಲ್ ಬೆರೆತ ತಾಮ್ರಕ್ಕೆ ಒಂದು ವರ್ಷ ಬೇಕು, ಹಿತ್ತಾಳೆಗೆ ಮೂರು. ಎಲ್ಲವನ್ನೂ ಭತ್ತದ ಹೊಟ್ಟಿನಲ್ಲಿ ಬೇರೆಬೇರೆಯಾಗಿ ಮಲಗಿಸಿ, ದಿನವೂ ರಾಗವಾಗಿ ಪದ್ಯ ಓದಬೇಕು. ಇಲ್ಲದಿದ್ದರೆ ಲೋಹಕ್ಕೆ ನಿದ್ದೆ ಹತ್ತದು. ಹದಿನೆಂಟು ವರ್ಷದಿಂದ ಓದುತ್ತಿದ್ದವಳು ತುಂಗಮ್ಮನೇ. ಈಚೆಗೆ ಅರ್ಧ ಪದ್ಯಕ್ಕೇ ಅವಳ ದನಿ ಕಟ್ಟುತ್ತಿತ್ತು.

ಮೇಲ್ವಿಚಾರಕ ಚೆಲುವರಾಯಪ್ಪ ಬಂದಾಗ ಅವಳು ಎದ್ದು ನಿಂತಳು.

“ಸ್ವಾಮಿ, ಎರಡೇ ದಿನ ರಜ ಕೊಡಿ. ಮೇಲುಕೋಟೇಲಿ ನಮ್ಮಕ್ಕ ಪದ್ಯ ಓದ್ತಾಳಂತೆ. ನಾನೂ ಒಂದ್ಸಲ ಸುಮ್ನೆ ಕೂತು ಕೇಳ್ಬೇಕು.”

“ನೀನೇನು ಹಿತ್ತಾಳೆ ನಾಣ್ಯಾನಾ ತುಂಗಮ್ಮ, ಸುಸ್ತಾಗಕ್ಕೆ?” ಎಂದು ಅವನು ನಕ್ಕ.

“ಆಗಿದ್ರೆ ಮೂರು ವರ್ಷ ಸಿಗ್ತಿತ್ತಲ್ಲ, ಸ್ವಾಮಿ.”

“ನೀನು ಹೋದ್ರೆ ಇವನ್ನ ಮಲಗಿಸೋರ್ಯಾರು? ರಜ ಗಿಜ ಏನೂ ಇಲ್ಲ. ಹೊತ್ತಾಯ್ತು, ಓದು.”

ತುಂಗಮ್ಮ ಹಿತ್ತಾಳೆ ನಾಣ್ಯಗಳ ಪಕ್ಕದಲ್ಲೇ ಹೊಟ್ಟಿನ ಮೇಲೆ ಕಾಲು ಚಾಚಿ ಮಲಗಿದಳು.

“ಓದಲ್ಲ, ಸ್ವಾಮಿ.”