ಹೆಗಲಿನ ಟಿಚ್ ಬಟನ್

ಈಗಲೂ ಆಫೀಸಿಗೆ ಹೊರಡುವಾಗ ಕುರ್ತಾದ ಹೆಗಲಿನ ಟಿಚ್ ಬಟನ್ ಒತ್ತಿದರೆ, ಆ ಸಣ್ಣ ಸದ್ದಿಗೆ ಕೋಪರಿಯ ನಮ್ಮ ಹಳೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮರುದಿನದಿಂದ ಅಕ್ಕನ ಮೊದಲ ಕೆಲಸ ಶುರುವಾಗುವುದಿತ್ತು. ಹೆಂಗಸರು ಎರಡೂ ಹೆಗಲು ಮುಚ್ಚುವಂತೆ ದುಪಟ್ಟಾ ಹಾಕಿಯೇ ಬರಬೇಕೆಂದು ಆಫೀಸಿನ ಯಜಮಾನರು ಹೇಳಿದ್ದರು.

"ಲೋಕಲ್ ಟ್ರೇನ್ ಹತ್ತುವಾಗ ಯಾರದ್ದಾದ್ರೂ ಬ್ಯಾಗಿಗೆ ಸಿಕ್ಕಿದ್ರೆ ನಾನು ಪ್ಲಾಟ್‌ಫಾರ್ಮಲ್ಲೇ ಬೀಳೋದು. ಈ ಕೆಲಸವೇ ಬೇಡ ನಂಗೆ!" ಎಂದು ಅಕ್ಕ ಸಿಡುಕಿದಳು.

ದುಪಟ್ಟಾ ಇಲ್ಲದೆ ಅವಳನ್ನು ಹಾಲು ತರಲೂ ಬಿಡದಿದ್ದ ಅಜ್ಜಿ ಹೊಲಿಗೆಯ ಡಬ್ಬಿ ತೆಗೆದರು. ಬಿಸ್ಕತ್ತಿನ ವಾಸನೆ ಇನ್ನೂ ಹೋಗಿರದ ತಗಡಿನ ಡಬ್ಬಿ ಅದು. ಇಸ್ತ್ರಿಯ ಬಿಸಿ ಆರದ ಕುರ್ತಾದ ಎರಡೂ ಹೆಗಲಿಗೆ ಟಿಚ್ ಬಟನ್ ಹೊಲಿದು, ಅವುಗಳ ಜೋಡಿಯನ್ನು ದುಪಟ್ಟಾಕ್ಕೆ ಹಚ್ಚಿದರು.

"ಪಿನ್ ಹಾಕಿದ್ರೆ ದುಪಟ್ಟಾದ ಜೊತೆ ನೀನೂ ಹೋಗ್ತಿ. ಇದು ಎಳೆದ್ರೆ ಬಿಟ್ಕೊಳ್ತದೆ. ಹೋದ್ರೆ ದುಪಟ್ಟಾ ಹೋಗ್ಲಿ. ನೀನು ಗಾಡಿ ತಪ್ಪಿಸ್ಕೊಳ್ಬೇಡ."

ಅಕ್ಕ ತೊಟ್ಟು ನಿಂತಳು. ನಾನು ಜೋರಾಗಿ ಎಳೆದೆ. ದುಪಟ್ಟಾ ನನ್ನ ಕೈಗೆ ಬಂತು, ಅವಳು ಅಲ್ಲಾಡಲಿಲ್ಲ. ಇಬ್ಬರೂ ನಕ್ಕೆವು.

ಆಗ ಅಮ್ಮ ಒಳಗಿನಿಂದ ಒಂದು ಹಸಿರು ಕುರ್ತಾ ತಂದಳು. ಎಂದೋ ಹೊಲಿಸಿ, ಸೀರೆ ಬಿಟ್ಟು ಬೇರೇನೂ ತೊಡುವ ಧೈರ್ಯವಾಗದೆ ಕಪಾಟಿನ ತಳದಲ್ಲಿ ಇಟ್ಟಿದ್ದ ಕುರ್ತಾ ಅದು.

"ಅತ್ತೇ, ಕಲ್ಯಾಣ್ ಸ್ಟೇಷನ್ ಹತ್ರ ಒಂದು ಟೈಪಿಂಗ್ ಕೆಲಸ ಉಂಟಂತೆ," ಎಂದು ತಲೆ ತಗ್ಗಿಸಿ ನಿಂತಳು.

ಅಜ್ಜಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಆಮೇಲೆ ಸೂಜಿಯನ್ನು ಅವಳ ಕಡೆ ಚಾಚಿದರು.

"ಹಸಿರು ದಾರ ಪೋಣಿಸಿ ಕೊಡು."