ಅವಳಿಗಳ ಚೀಲ

"ಮೂರನೇ ಸಲ! ಇದು ಮೂರನೇ ಸಲ!" ಇಂಗ್ಲಿಷ್ ಮೇಡಂ ಉತ್ತರಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದರು. "ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯ್ತು. ನಿನ್ನ ತಲೆಗೆ ಮಾತ್ರ ಹೋಗಲಿಲ್ಲ." ಎದುರಿಗಿದ್ದ ನೀಲಿ ಟೇಪಿನ ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಕೆಂಪು ಟೇಪಿನವಳು ಸ್ಟಾಫ್ ರೂಮಿನ ಬಾಗಿಲಿಗೆ ಒರಗಿದ್ದಳು. ಔಷಧಿ ಅಂಗಡಿಯ ಕೆಲಸದಿಂದ ಅರ್ಧ ಗಂಟೆ ಬಿಡಿಸಿಕೊಂಡು ಓಡಿಬಂದಿದ್ದ ತಾಯಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಪಾಠವೇನೂ ಬ್ರಹ್ಮವಿದ್ಯೆಯಲ್ಲ. ಒಂದು ವಸ್ತು ಹಲವರದ್ದಾದರೆ, ಇಂಗ್ಲಿಷಿನಲ್ಲಿ ಆ ಹಲವರನ್ನು ಹೇಳುವ ಪದದ ಕೊನೆಯ ಎಸ್ ಆದ ಮೇಲೆ, ಅದರ ನೆತ್ತಿಯ ಪಕ್ಕಕ್ಕೆ, ಅಲ್ಪವಿರಾಮದಂಥ ಒಂದು ಗುರುತು ಹಾಕಬೇಕು. ಅಷ್ಟೇ. ತರಗತಿಯಲ್ಲೇ ಅವಳಿಗಳು ಕೂತಿರುವಾಗ ಉದಾಹರಣೆಗೆ ಊರೆಲ್ಲ ಅಲೆಯುವುದು ಯಾಕೆ? ಅವಳಿಗಳ ಚೀಲ ಕಳೆದಾಗ, ಅವಳಿಗಳ ಬೆಂಚು ಮುರಿದದ್ದರಿಂದ, ಅವಳಿಗಳ ತಾಯಿ ಬಂದರೆ ಎಂದು ಮೇಡಂ ಬೋರ್ಡಿನ ತುಂಬ ಬರೆದರು. ಹಿಂದಿನ ಬೆಂಚಿನ ಕುಂಭಕರ್ಣರಿಗೂ ಅರ್ಥವಾಯಿತು. ಅವಳಿಗಳಲ್ಲಿ ದೊಡ್ಡವಳು ಪೂರ್ತಿ ಅಂಕ ತೆಗೆದಳು. ಚಿಕ್ಕವಳು ಮಾತ್ರ ಪ್ರತಿ ಪರೀಕ್ಷೆಯಲ್ಲೂ 'ಅವಳಿಗಳ ಚೀಲ' ಎಂದು ಬರೆಯಬೇಕಾದ ಕಡೆ 'ನನ್ನ ಅಕ್ಕನ ಚೀಲ ಮತ್ತು ನನ್ನ ಚೀಲ' ಎಂದು ಬರೆದಿಟ್ಟಳು. ಬೆಂಚನ್ನೂ ಹಾಗೇ ಎರಡು ಮಾಡಿದಳು. ಕೊನೆಗೆ ತಾಯಿಯನ್ನೂ ಬಿಡಲಿಲ್ಲ, 'ನನ್ನ ಅಕ್ಕನ ತಾಯಿ ಮತ್ತು ನನ್ನ ತಾಯಿ'!

ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದರು ಎನ್ನುವುದು ಬೇರೆ ಮಾತು. ದೊಡ್ಡವಳ ಕಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು, ನಿಜ. ಆದರೆ ದಿನಾ ಅದನ್ನು ಹುಡುಕಿಕೊಂಡು ಕೂರುವ ಪುರುಸೊತ್ತು ಯಾರಿಗಿದೆ? ಅದಕ್ಕೇ ತಾಯಿ ದೊಡ್ಡವಳ ಜಡೆಗೆ ಕೆಂಪು ಟೇಪು, ಚಿಕ್ಕವಳ ಜಡೆಗೆ ನೀಲಿ ಟೇಪು ಕಟ್ಟಿ ಕಳಿಸುತ್ತಿದ್ದಳು. ಇಡೀ ಶಾಲೆಗೆ ಅದೇ ಗುರುತು.

"ಬೇಕಂತಲೇ ಮಾಡ್ತಾಳೆ ಇವಳು," ಮೇಡಂ ತಾಯಿಯ ಕಡೆ ತಿರುಗಿದರು. "ಸಾಲದ್ದಕ್ಕೆ, ನನ್ನನ್ನ ಬಿ ಸೆಕ್ಷನ್‌ಗೆ ಹಾಕಿ, ಅಕ್ಕನಿಂದ ಬೇರೆ ಕೂರಿಸಿ ಅಂತ ಒಂದು ತಿಂಗಳಿಂದ ನನ್ನ ಪ್ರಾಣ ತಿಂತಿದ್ದಾಳೆ. ಅಲ್ಲೊಂದು ಜಾಗ ಖಾಲಿ ಇರೋದು ನಿಜ. ಯಾರನ್ನ ಕಳಿಸೋದು ಅಂತ ನಾನು ಇವತ್ತೇ ಆಫೀಸಿಗೆ ಹೇಳಬೇಕು. ಆದ್ರೆ ಅವಳಿ ಮಕ್ಕಳನ್ನ ಯಾರಾದ್ರೂ ಬೇರೆ ಮಾಡ್ತಾರಾ?"

"ಬೇಡವೇ ಬೇಡ ಮೇಡಂ!" ತಾಯಿ ಗಾಬರಿಯಾದಳು. "ಒಂದೇ ಸೆಕ್ಷನ್ ಆದ್ರೆ ಒಂದು ಪುಸ್ತಕ ಸಾಕು, ನಾನು ಒಂದು ಸಲ ಬಂದ್ರೆ ಸಾಕು. ನಾನಂತೂ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಇಟ್ಟವಳಲ್ಲ. ಇಬ್ಬರಿಗೂ ಒಂದೇ ಥರ ಬಟ್ಟೆ, ಒಂದೇ ಥರ ಚಪ್ಪಲಿ. ಅಷ್ಟ್ಯಾಕೆ, ಒಬ್ಬಳು ಕೆಮ್ಮಿದ್ರೆ ಇಬ್ಬರಿಗೂ ಔಷಧಿ ಕುಡಿಸ್ತೀನಿ."

"ನೋಡು, ಎಂಥ ತಾಯಿ!" ಎಂದರು ಮೇಡಂ. ಹುಡುಗಿ ತಲೆ ಎತ್ತಲಿಲ್ಲ. ಅಂಗಡಿಗೆ ಹೊತ್ತಾಗುತ್ತಿದ್ದ ಸಂಕಟವೆಲ್ಲ ಒಟ್ಟಾಗಿ ತಾಯಿಯ ಬಾಯಿಗೆ ಬಂತು.

"ಏನೇ ನಿಂದು ಹಠ? ಒಂದೇ ಹೊಟ್ಟೇಲಿ ಹುಟ್ಟಿದೀರಿ, ಒಂದೇ ಹಾಲು ಕುಡಿದಿದೀರಿ, ಅವಳಿಗೆ ಬರೋದು ನಿನಗ್ಯಾಕೆ ಬರಲ್ಲ? ಮುಖ ನೋಡು, ಮೊಂಡುತನ ಎದ್ದು ಕಾಣ್ತಿದೆ! ಅಲ್ಲಿ ನಿಂತಿದಾಳಲ್ಲ, ಅವಳ ಮುಖ ನೋಡು. ಎಷ್ಟು ಸೌಮ್ಯ! ನಿನ್ನ ಅಕ್ಕನ್ನ ನೋಡಿ ಕಲೀಬಾರದೇನೇ?"

ನೀಲಿ ಟೇಪಿನವಳು ಈಗ ತಲೆ ಎತ್ತಿದಳು.

"ಅಮ್ಮಾ, ನಾನೇ ಅಕ್ಕ."

ಪಕ್ಕದ ಮೇಜಿನಲ್ಲಿ ಪತ್ರಿಕೆ ತಿದ್ದುತ್ತಿದ್ದ ಗಣಿತದ ಮೇಷ್ಟ್ರ ಪೆನ್ನೂ ನಿಂತಿತು. ಬಾಗಿಲ ಬಳಿಯಿದ್ದವಳು ಕೆಂಪು ಟೇಪನ್ನು ಎಳೆದು ಬಿಚ್ಚುತ್ತ ಒಳಗೆ ಬಂದಳು. "ಹೊರಗೆ ಕಾಯ್ತಿದ್ದಾಗ ಟೇಪು ಬದಲಾಯಿಸಿಕೊಂಡ್ವಿ ಮೇಡಂ. ತಪ್ಪು ಬರೆದವಳು ನಾನು. ನೀವಿಬ್ಬರೂ ಇಷ್ಟೊತ್ತು ಬೈದಿದ್ದು ಪೂರ್ತಿ ಅಂಕ ತಗೊಂಡವಳಿಗೆ. ಆ ಗುರುತು ಎಲ್ಲಿ ಹಾಕಬೇಕು ಅಂತ ನನಗೂ ಗೊತ್ತು. ಆದ್ರೆ ಎಲ್ಲದರಲ್ಲೂ ಅವಳಿಗಳು, ಅವಳಿಗಳು! ಕೇಳಿ ಕೇಳಿ ಸಾಕಾಗಿದೆ. ಇವಾಗಾದ್ರೂ ನನ್ನನ್ನ ಬಿ ಸೆಕ್ಷನ್‌ಗೆ ಹಾಕಿ."

"ಹಾಕಿ ಮೇಡಂ," ಎಂದಳು ಅಕ್ಕ. "ನನಗೂ ಸಾಕಾಗಿದೆ. ಇವಳು ಕೆಮ್ಮಿದಾಗೆಲ್ಲ ನಾನು ಔಷಧಿ ಕುಡೀಬೇಕು."

ಮೇಡಂ ಉತ್ತರಪತ್ರಿಕೆಯನ್ನು ತಿರುವಿಹಾಕಿದರು. ತಾಯಿ ಮಾತ್ರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಏನು, ನನ್ನ ಹತ್ರಾನೇ ನಾಟಕ ಆಡ್ತೀರಾ? ಬೇರೆಯವರಿಗೆ ಗೊತ್ತಾಗದೆ ಇರಬಹುದು. ಹೆತ್ತವಳಿಗೆ ತನ್ನ ಮಕ್ಕಳಲ್ಲಿ ಯಾರು ಯಾರು ಅಂತ ಗೊತ್ತಾಗಲ್ವಾ?" ಎನ್ನುತ್ತಲೇ ಅವಳು ನೀಲಿ ಟೇಪಿನವಳನ್ನು ಕಿಟಕಿಯ ಬೆಳಕಿಗೆ ಎಳೆದು, ಕಿವಿ ಮಡಚಿ, ಹಿಂದೆ ಮಚ್ಚೆ ಹುಡುಕತೊಡಗಿದಳು.