ಎಲ್ಲರೂ ನಕ್ಕಿದ್ದ ಪ್ರಶ್ನೆ

ಗದಗ ಕಡೆಯ ಒಂದು ಡಿಗ್ರಿ ಕಾಲೇಜು. ಆ ವರ್ಷದಿಂದ ಅಲ್ಲಿ ಎಲ್ಲವೂ ಆನ್‌ಲೈನ್ ಆಗಿತ್ತು...

ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡಲು ಅಂದೇ ಕೊನೆಯ ದಿನ. ಸಂಜೆ ಐದಕ್ಕೆ ವಿಶ್ವವಿದ್ಯಾಲಯದ ಪೋರ್ಟಲ್ ಬಂದ್.

ಮೂರೂವರೆಯಾದರೂ ಬಿ.ಎ. ಕೊನೆಯ ವರ್ಷದ ಅರವತ್ತೆರಡು ವಿದ್ಯಾರ್ಥಿಗಳ ಅಂಕ ಹೋಗಿರಲಿಲ್ಲ!

ಪ್ರಿನ್ಸಿಪಾಲ್ ಸುಲೋಚನಾ ಬೆಲ್ಲದ ಆಫೀಸಿಗೆ ನುಗ್ಗಿದರು. ಹಿರಿಯ ಗುಮಾಸ್ತ ಗುರುಶಾಂತಪ್ಪ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದರು... ಬೆರಳು ಮೌಸ್ ಮೇಲಿದ್ದರೂ ಒತ್ತುತ್ತಿರಲಿಲ್ಲ.

“ಏನ್ರೀ ಗುರುಶಾಂತಪ್ಪ, ಹೊಸಾದು ಕಲಿಯೂದು ಬ್ಯಾಡಂದ್ರ ಮನ್ಯಾಗ ಕುಂದರ್ರಿ! ಹುಡುಗುರ ವರ್ಷ ಯಾಕ ಹಾಳ್ ಮಾಡ್ತೀರಿ?”



“ಎಲ್ಲಾ ತುಂಬೇನ್ರಿ ಮೇಡಂ... ‘ಫೈನಲ್ ಸಬ್ಮಿಟ್’ ಒತ್ತಾಕ ಧೈರ್ಯ ಬರವಲ್ದು.” ಅವರು ಮೇಡಂ ಕಡೆ ತಿರುಗಿದರು. “ತಪ್ಪಾದ್ರ ತಿದ್ದಾಕ ಬರ್ತೈತೇನು ಅಂತ ಪೋರ್ಟಲ್ ಟ್ರೇನಿಂಗ್‌ನ್ಯಾಗ ಕೇಳಿದ್ದೆ... ಎಲ್ಲಾರೂ ನಕ್ರು. ಆಮ್ಯಾಲೆ ನಾ ಯಾರನ್ನೂ ಏನೂ ಕೇಳಲಿಲ್ರಿ.”

ಮೇಡಂಗೆ ಆ ಟ್ರೇನಿಂಗ್ ದಿನ ನೆನಪಾಯಿತು...

ಅಂದು ಮೊದಲು ನಕ್ಕವರು ಅವರೇ!

ಕಂಪ್ಯೂಟರ್ ವಿಭಾಗದ ಉಪನ್ಯಾಸಕಿ ಮುಬೀನಾರನ್ನು ಕರೆಸಿದರು, ಅವರು ಓಡಿ ಬಂದರು. “ಸಬ್ಮಿಟ್ ಆದಮ್ಯಾಲೆ ತಿದ್ದಾಕ ಬರ್ತೈತೇನ್ರಿ?” ಎಂದು ಮೇಡಂ ಕೇಳಿದರು.

“ನನಗೂ ಗೊತ್ತಿಲ್ರಿ ಮೇಡಂ...”

ಪೋರ್ಟಲ್‌ನ ಸಹಾಯವಾಣಿಗೆ ಫೋನ್ ಹಚ್ಚಿದರು. ನಾಲ್ಕನೇ ಸಲಕ್ಕೆ ಉತ್ತರ ಸಿಕ್ಕಿತು: ಒಮ್ಮೆ ಸಬ್ಮಿಟ್ ಆದರೆ ಮುಗಿಯಿತು, ಬದಲಾಯಿಸಲು ಬರುವುದಿಲ್ಲ.

ಆಗ ನಾಲ್ಕು ಗಂಟೆ ಹತ್ತು ನಿಮಿಷ.

ಸುಲೋಚನಾ ಒಂದು ಕುರ್ಚಿ ಎಳೆದುಕೊಂಡು ಗುರುಶಾಂತಪ್ಪನವರ ಪಕ್ಕದಲ್ಲೇ ಕೂತರು. “ನಾ ಮಾರ್ಕ್ಸ್ ಲಿಸ್ಟ್ ಓದ್ತೀನಿ, ನೀವು ಸ್ಕ್ರೀನ್ ನೋಡ್ರಿ.”

ಒಂದೊಂದೇ ಹೆಸರು... ಒಂದೊಂದೇ ಅಂಕ... ನಡುವೆ ಎರಡು ಸಲ ಸರ್ವರ್ ನಿಂತಿತು.

ನಲವತ್ತೇಳನೆಯ ಹೆಸರು ಒಬ್ಬ ಹುಡುಗಿಯದು. “ಮೂವತ್ತೆಂಟು,” ಅಂದರು ಮೇಡಂ.

ಗುರುಶಾಂತಪ್ಪ ಸ್ಕ್ರೀನಿನ ಮೇಲೆ ಬೆರಳಿಟ್ಟರು. “ಇಲ್ಲಿ... ಬರೀ ಎಂಟು ಐತ್ರಿ!”

ಮೇಡಂ ಗದರಿದ ಕೂಡಲೇ ಅವರು ಸಬ್ಮಿಟ್ ಒತ್ತಿಬಿಟ್ಟಿದ್ದರೆ, ಆ ಹುಡುಗಿ ಫೇಲ್!

ತಿದ್ದಿದರು. ಉಳಿದ ಹದಿನೈದನ್ನೂ ನೋಡಿ ಮುಗಿಸಿದಾಗ ನಾಲ್ಕು ಐವತ್ತಾರು.

“ಈಗ ಒತ್ರಿ ಸರ್... ಏನರೆ ತಪ್ಪಾದ್ರ ಅದು ನಂದು,” ಅಂದರು ಮೇಡಂ.

ಪರದೆಯ ಮೇಲೆ ಹಸಿರು ಟಿಕ್ ಬಂತು. ಗುರುಶಾಂತಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಎಲ್ಲರ ಎದುರಿಗೇ ಮೇಡಂ ಕೈ ಮುಗಿದರು... “ಅವತ್ತ ನಾ ನಗಬಾರದಿತ್ತು. ತಪ್ಪಾತ್ರಿ.”

ಕಲಿಯಲು ಬಂದವರ ಪ್ರಶ್ನೆಗೆ ನಾವು ನಕ್ಕ ದಿನವೇ ಅವರ ಕಲಿಕೆ ನಿಂತುಹೋಗುತ್ತದೆ.

ನಿಮ್ಮ ಆಫೀಸಿನಲ್ಲಿ ಇತ್ತೀಚೆಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟವರು ಯಾರಾದರೂ ಇದ್ದಾರಾ...? ಯಾಕೆಂದು ಅವರನ್ನು ಒಮ್ಮೆ ಕೇಳಿದ್ದೀರಾ?